ಯಾರೂ ಬರೆಯದ ಚಿತ್ರಗಳು

ಆ ಗೆರಿಗಳಿಗಿ ಯಾರ ಕೈನೂ ತಾಗಿಲ್ಲ ಅಂತ ಎಲ್ಲಾರೂ ನಂಬಿದ್ರು. ನಿನ್ನಿ ಮಧ್ಯಾಹ್ನ ಹನ್ನೆರಡೂವರೆ ತನಕ ನಂಬಿದ್ರು. ನೀನೂ ನಂಬಿದ್ದಿ, ಸಂಘಮಿತ್ರಾ. ಇಲ್ಲಂದ್ರ ನನ್ನ ಫೋಟೋ ಪ್ರದರ್ಶನಕ್ಕ ಆ ಹೆಸರು ಯಾಕ ಕೊಡ್ತಿದ್ದಿ? "ಯಾರೂ ಬರೆಯದ ಚಿತ್ರಗಳು." ಇದೇ ಟೇಬಲ್ಲಿನ ಮುಂದ ಕುಂತು ಆಮಂತ್ರಣ ಪತ್ರಿಕೆಗಿ ನೀನೇ ಟೈಪ್ ಮಾಡ್ದಿ. ಛಲೋ ಹೆಸರು ಅಂತ ನಾ ಎರಡು ಸಲ ಹೊಗಳಿದೆ. ನಾ ಯಾರನ್ನೂ ಎರಡು ಸಲ ಹೊಗಳಾಂವ ಅಲ್ಲ, ಅದು ನಿನಗ ಗೊತ್ತದ.

ಬಾಗಿಲಾಗ ನಿಂದ್ರಬ್ಯಾಡ. ಒಳಗ ಬಂದು ಕುಂದ್ರು. ಆ ಕುರ್ಚಿ ಬ್ಯಾಡ, ಅದರ ಮ್ಯಾಲ ಫ್ರೇಮು ಅವ. ಈ ಕಡಿ ಬಾ. ಹದಿನೆಂಟು ಫೋಟೋ, ನಿನ್ನಿ ಸಂಜಿಗೇ ಇಳಿಸಿ ಟೆಂಪೋದಾಗ ಹಾಕ್ಕೊಂಡು ಕಲಬುರಗಿಯಿಂದ ಶಹಾಬಾದಿಗಿ ತಂದೆ. ಮೂರು ದಿನದ ಪ್ರದರ್ಶನ, ಒಂದೂವರೆ ತಾಸಿಗಿ ಮುಗೀತು. ದಾರ್ಯಾಗ ಒಂದರ ಗಾಜು ಒಡೀತು. ಹೌದು, ಅದೇ. ನಿಮ್ಮವ್ವ ಮೊದಲ ಕೈ ಇಟ್ಟಿದ್ದು.

ಚಾ ತಗೋ. ತಗೋ ಅಂದೆ. ಈ ಮನ್ಯಾಗ ನಿನಗ ಯಾವಾಗರೆ ಬ್ಯಾರೆ ಕಪ್ಪಿನಾಗ ಚಾ ಕೊಟ್ಟೀವೇನು?

ಯಾಕ ನಗ್ತಿ? ನಾ ಕೇಳಿದ್ದು ನಗೂ ಮಾತಲ್ಲ. ನಮ್ಮ ಮನಿಯಾಕಿ ಶಿವರಂಜನಿ ಇದ್ದಾಗಿಂದ ನೀ ಈ ಮನಿಗಿ ಬರ್ಲಿಕತ್ತೀದಿ. ನಿನಗ ಪುಂಡಿಪಲ್ಯ ಸೇರ್ತದಂತ ಆಕಿ ನೆನಪಿಟ್ಟು ಮಾಡ್ತಿದ್ಲು. ನಿನ್ನ ಡಿಗ್ರಿ ಮುಗಿದ ದಿನ ಮೈಕ್ ಹಿಡಿದು ಏನಂದಿದ್ದಿ? ಸಂಗಮೇಶ್ವರ ಸರ್ ನನಗ ತಂದಿ ಇದ್ದಂಗ ಅಂದಿದ್ದಿ. ನಾ ತರ್ಕಶಾಸ್ತ್ರದ ಮಾಸ್ತರ, ಇದ್ದಂಗ ಅಂದ್ರ ಇಲ್ಲ ಅಂತಲೇ ಅರ್ಥ ಅಂತ ಅವತ್ತೇ ತಿಳ್ಕೊಬೇಕಾಗಿತ್ತು. ತಿಳ್ಕೊಳ್ಳಲಿಲ್ಲ. ಖುಷಿ ಪಟ್ಟೆ.

ಇರ್ಲಿ. ನಾಲ್ಕು ಗಂಟೆಗಿ ಮುನಾಫ ಬರ್ತಾನ. ಪೇಪರಿನವ. ನಿನ್ನಿ ಅಲ್ಲಿ ಯಾರೋ ಮೊಬೈಲಿನಾಗ ತಗದ ವಿಡಿಯೋ ಸೇಡಂ, ವಾಡಿ ತನಕ ಹೋಗ್ಯದ. ಮುಂಜಾನಿಯಿಂದ ಐದು ಫೋನ್ ಬಂದ್ವು, ಐದೂ ಸಮಾಧಾನ ಹೇಳ್ಲಿಕ್ಕೆ. ಸಮಾಧಾನ ಹೇಳೂರ ದನಿಯಾಗ ನಗು ಹ್ಯಾಂಗ ಇರ್ತದ ಅಂತ ಐದು ಸಲ ಕೇಳ್ದೆ. ಹೈದರಾಬಾದಿನವರು ಮಾತ್ರ ಫೋನ್ ಮಾಡಿಲ್ಲ, ಖಾಲಿ ಒಂದು ಮೆಸೇಜ್ ಕಳಿಸ್ಯಾರ. ಮುಂದಿನ ತಿಂಗಳು ಅಲ್ಲಿ ಈ ಚಿತ್ರ ಇಡೋದದ ಅಲ್ಲ, ಅದು ಸ್ಪಷ್ಟೀಕರಣ ಬರೂ ತನಕ ತಡೀರಿ ಅಂತ.

ಸ್ಪಷ್ಟೀಕರಣ ನಾ ಬರ್ದು ಇಟ್ಟೀನಿ. ಇದೇ ಹಾಳಿ. ಓದು. ನಾಲ್ಕೇ ಸಾಲು. "ನಮ್ಮ ತಾಯಿ ಲಾಲಮ್ಮ ಅವರು ಚಿತ್ರದೊಳಗಿನ ಗೆರೆಗಳನ್ನು ತಮ್ಮವೆಂದು ತಪ್ಪಾಗಿ ತಿಳಿದರು. ನಾನೂ ಆ ಗಡಿಬಿಡಿಯಲ್ಲಿ ಮಾತನಾಡಿದೆ." ಕೆಳಗ ನಿನ್ನ ಸಹಿ. ಅಷ್ಟೇ. ಇದರಾಗ ನಿಮ್ಮವ್ವಗ ಅವಮಾನ ಆಗೂದು ಏನದ? ತಪ್ಪು ಯಾರೂ ತಿಳೀಬಹುದು.

ಪೆನ್ನು ಅಲ್ಲೇ ಅದ.

ಸರಿ, ಅವಸರ ಇಲ್ಲ. ಮೊದಲ ನನಗ ಏನಾಗಿತ್ತು ಅನ್ನೂದು ಕೇಳು. ಭಾಷಣದಾಗ ಕೇಳೀದಿ, ಅದು ಮಂದಿಗಿ ಹೇಳಿದ್ದು.

ಶಿವರಂಜನಿ ಹೋದ ದಿನ ನಾ ಈ ಕೋಣ್ಯಾಗೇ ಪೇಪರ್ ಓದ್ಲಿಕತ್ತಿದ್ದೆ. ಅಡಗಿ ಮನ್ಯಾಗ ಏನೋ ಬಿದ್ದ ಸಪ್ಪಳ. ತಾಟು ಬಿತ್ತು ಅಂದ್ಕೊಂಡೆ. ಏಳಲಿಲ್ಲ. ಆ ಪುಟ ಮುಗಿಸಿದೆ, ಅದರ ಹಿಂದಿನದೂ ಓದಿದೆ. ರೊಟ್ಟಿ ಸುಟ್ಟ ವಾಸನಿ ಬಂದ ಮ್ಯಾಲ ಎದ್ದೆ. ತಲ್ಯಾಗ ರಕ್ತನಾಳ ಒಡೆದಿತ್ತಂತ, ಓಡಿ ಹೋಗಿದ್ರೂ ಉಳೀತಿರಲಿಲ್ಲಂತ, ಡಾಕ್ಟರ್ ಹೇಳಿದ್ರು. ಎಲ್ಲಾ ಡಾಕ್ಟರೂ ಹಂಗೇ ಹೇಳ್ತಾರ.

ಆಮ್ಯಾಲ ಎಲ್ಲಾರೂ ಔಷಧ ತಂದ್ರು. ಸುಲೇಪೇಟದ ನಮ್ಮ ಅತ್ತಿ ಮನಿಯವರು ದಿನಾ ಇಷ್ಟಲಿಂಗ ಪೂಜಿ ಮಾಡ್ಕೋರಿ ಅಂದ್ರು. ಮೂವತ್ತು ವರ್ಷ ಮಾಡದವ ಈಗ ಹೋಗಿ ಕುಂತ್ರ ಲಿಂಗಕ್ಕೂ ಅನುಮಾನ ಬರ್ತದ ಅಂದೆ. ಕಲಬುರಗ್ಯಾಗ ಮನಸ್ಸಿನ ಡಾಕ್ಟರ್ ಹತ್ರ ಹೋದೆ. ಆಕಿ ಕಲರ್ ಪೆನ್ಸಿಲ್ ಕೊಟ್ಟು ನಿಮಗ ಅನಿಸಿದಂಗ ಒಂದು ಗಿಡ ಬರೀರಿ ಅಂದ್ಲು. ಐವತ್ತೆಂಟು ವರ್ಷದ ಗಂಡಸು, ಗಿಡ ಬರ್ದೆ. ನಿಮ್ಮ ಗಿಡಕ್ಕ ಬೇರು ಇಲ್ಲ ಅಂತ ಆಕಿ ಭಾಳ ಗಂಭೀರ ಆದ್ಲು. ಹಾಳಿ ಅಲ್ಲಿಗೇ ಮುಗಿದಿತ್ತು.

ಹತ್ತು ತಿಂಗಳು ನಿದ್ದಿ ಇಲ್ಲ. ಹಳೇ ಕ್ಯಾಮೆರಾ ಕೊರಳಿಗಿ ಹಾಕ್ಕೊಂಡು ಭಂಕೂರ ರೋಡಿಗಿ ನಡೀಲಿಕ್ಕೆ ಹೊಂಟೆ. ಫೋಟೋ ತಗೀಲಿಕ್ಕೆ ಅಲ್ಲ. ಕ್ಯಾಮೆರಾ ಇದ್ರ ಮಂದಿ ಇವ ಯಾಕ ತಿರಗ್ಲಿಕತ್ಯಾನ ಅಂತ ಕೇಳಂಗಿಲ್ಲ.

ರೇವಣಪ್ಪನ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನಿ ಹಿಂದಿನ ಗ್ವಾಡಿ ನಿನಗ ಗೊತ್ತದ. ನಿಮ್ಮವ್ವ ಅಲ್ಲೇ ಕೆಲಸಕ್ಕ ಹೋಗ್ತಾಳ, ನಿನಗ ನಾ ಏನ್ ಹೇಳೂದು. ಮಶೀನಿನಿಂದ ಬಂದ ಕಲ್ಲು ಸಾಲಾಗಿ ಗ್ವಾಡಿಗಿ ಆನಿಸಿ ನಿಲ್ಲಿಸಿರ್ತಾರ, ಮ್ಯಾಲ ಬೂದಿ ಬಣ್ಣದ ರಾಡಿ. ಬಿಸಲಿಗಿ ಅದು ಒಣಗಿ ಬೆಳ್ಳಗ ಆಗ್ತದ. ಮರುದಿನ ನೀರು ಹೊಡೆದು ತೊಳೀತಾರ. ಅಲ್ಲಿ ಒಂದು ಕಲ್ಲಿನ ಮ್ಯಾಲ ನಾಲ್ಕು ಗೆರಿ. ಮ್ಯಾಲಿಂದ ಕೆಳಗ, ಒಂದಕ್ಕೊಂದು ತಾಗದಂಗ. ಮೂರನೇದು ಅರ್ಧಕ್ಕ ನಿಂತಿತ್ತು.

ನಿಂತು ನೋಡ್ದೆ. ಅದು ಗಿಡ ಅಲ್ಲ. ದೇವರಲ್ಲ. ಶಿವರಂಜನಿ ಅಲ್ಲ. ಯಾರೂ ನನಗ ಏನೂ ಹೇಳ್ಲಿಕ್ಕೆ ಬಂದಿರಲಿಲ್ಲ, ಏನೂ ಕೇಳ್ಲಿಕ್ಕೂ ಬಂದಿರಲಿಲ್ಲ. ಬರೇ ನಾಲ್ಕು ಗೆರಿ. ಎದಿಯಾಗ ಕುಂತಿದ್ದ ಕಲ್ಲು ಜರಾ ಸರೀತು. ಇದು ಉಪಮಾ ಅಲ್ಲ, ಉಸಿರು ಖರೇನ ಪೂರಾ ಒಳಗ ಹೋತು. ಅವತ್ತು ಊಟ ಮಾಡಿ ಮಲಗಿದವ ಮುಂಜಾನಿ ಹಾಲಿನವ ಬಾಗಿಲು ಬಡಿದಾಗ ಎದ್ದೆ.

ಅದಕ್ಕ ದಿನಾ ಹೋದೆ. ಎರಡು ವರ್ಷ. ಗುಳಿಗಿ ಬಿಟ್ಟೆ. ಕಾಲೇಜಿಗಿ ಮತ್ತ ಹೋದೆ, ಪಾಠ ಮಾಡ್ದೆ. ನಿನಗ ಕ್ಯಾಮೆರಾ ಹಿಡಿಯೂದು ಕಲಿಸಿದ್ದೂ ಆವಾಗೇ. ಅಮೂರ್ತ ಅಂದ್ರೇನು ಸರ್ ಅಂತ ನೀ ಕೇಳ್ದಿ. ನೋಡಿದವಗ ಯಾವ ಋಣನೂ ಹೊರಿಸದೇ ಇದ್ದದ್ದು ಅಂದೆ. ನೀ ಅದನ್ನ ನೋಟ್ ಬುಕ್ಕಿನಾಗ ಬರಕೊಂಡಿ. ಈಗ ಅದನ್ನ ಹೊಡೆದು ಹಾಕು, ಬೇಕಾದ್ರ.

ನಿನ್ನಿ ಎಲ್ಲಾ ಛಲೋ ನಡೆದಿತ್ತು. ಬೆಂಗಳೂರಿಂದ ಬಂದ ವಿಮರ್ಶಕರು ಆ ಮೂರನೇ ಗೆರಿ ಮುಂದ ನಿಂತು, ಇದು ಅರ್ಧಕ್ಕ ಹಿಡಿದ ಉಸಿರು ಅಂದ್ರು. ಮಂದಿ ಚಪ್ಪಾಳಿ ಹೊಡೆದ್ರು. ನಾ ಪ್ರದರ್ಶನದ ಪುಸ್ತಿಕೆಯಾಗ ಪ್ರಕೃತಿ ಮುಗಿಸದೇ ಬಿಟ್ಟ ವಾಕ್ಯ ಅಂತ ಬರ್ದಿದ್ದೆ. ಯಾರ ಕೈನೂ ತಾಗದ ನಾಲ್ಕು ಗೆರಿ ನನ್ನನ್ನ ಬದುಕಿಸಿದ್ವು ಅಂತ ಭಾಷಣದಾಗ ಹೇಳ್ದೆ. ಮುಂದಿನ ಸಾಲಿನಾಗ ಇಬ್ಬರು ಕಣ್ಣು ಒರಸ್ಕೊಂಡ್ರು. ಮುಖ ತಿರುವಬ್ಯಾಡ. ಆ ಪುಸ್ತಿಕೆಯ ಕರಡು ತಿದ್ದಿದಾಕಿ ನೀನೇ.

ಆಗ ನೀ ನಿಮ್ಮವ್ವನ್ನ ಕರ್ಕೊಂಡು ಬಂದಿ. ಹಸಿರು ಇಳಕಲ್ ಸೀರಿ. ನನಗ ನಮಸ್ಕಾರ ಮಾಡಿದ್ಲು, ನಾನೂ ಮಾಡ್ದೆ. ಆಕಿ ಒಂದೊಂದೇ ನೋಡ್ಕೊಂತ ಹೋಗಿ ಏಳನೇದರ ಮುಂದ ನಿಂತ್ಲು. ಬಲಗೈ ಎತ್ತಿ ಗಾಜಿನ ಮ್ಯಾಲ ಇಟ್ಲು. ನಾಲ್ಕು ಗೆರಿಗಿ ನಾಲ್ಕು ಬೆರಳು, ಬರೋಬ್ಬರಿ. ಉಂಗುರದ ಬೆರಳಿನ ತುದಿ ಇಲ್ಲ ಅಲ್ಲ ಆಕಿಗಿ, ಒಂಬತ್ತು ವರ್ಷದ ಹಿಂದ ಮಶೀನಿಗಿ ಹೋಗಿದ್ದು. ಕೈ ಕೆಳಗ ಜಾರಿಸಿ ಎತ್ತಿದ್ಲು. ಗಿಡ್ಡ ಬೆರಳು ಮೊದಲ ಗಾಜು ಬಿಡ್ತು. ಎಲ್ಲಿ ಬಿಡ್ತು? ಮೂರನೇ ಗೆರಿ ನಿಂತಲ್ಲಿ. ಆಮ್ಯಾಲ ಎಂಟನೇದಕ್ಕ ಹೋದ್ಲು. ಒಂಬತ್ತನೇದಕ್ಕ. ಎಲ್ಲಾದಕ್ಕೂ ಹಂಗೇ.

ಚಿತ್ರ ದೊಡ್ಡದು ಮಾಡಿದ್ರ ಸುಳ್ಳಾಗ್ತದ ಅಂತ ನಾ ಕಲ್ಲಿನ ಮ್ಯಾಲ ಇದ್ದಷ್ಟೇ ಅಳತಿಗಿ ಪ್ರಿಂಟ್ ಹಾಕಿಸಿದ್ದೆ. ಪ್ರಾಮಾಣಿಕತನ ಹಿಂಗ ಕೆಲಸಕ್ಕ ಬರ್ತದ.

ಆದ್ರ ಅದಲ್ಲ ನನಗ ಹತ್ತಿದ್ದು. ನಿಮ್ಮವ್ವ ಬಾಯಿ ಬಿಡಲಿಲ್ಲ. ಮಾತಾಡಿದಾಕಿ ನೀ. "ಇದು ನಮ್ಮವ್ವನ ಕೈ." ನನ್ನ ಕಡಿ ನೋಡಿ ಅಂದಿ. ನನಗ ಫೋನ್ ಮಾಡಬಹುದಿತ್ತು. ಮನಿಗಿ ಬಂದು, ಸರ್, ಹಿಂಗದ ಅನ್ನಬಹುದಿತ್ತು. ಏನು, ನಿನಗೂ ಅಲ್ಲೇ ಗೊತ್ತಾಯ್ತೇನು? ಇರಬಹುದು. ಒಂದು ನಿಮಿಷ ಸುಮ್ಮ ಇರಬಹುದಿತ್ತು ಅಲ್ಲ? ಪ್ರಮಾಣ ಇಲ್ಲದ ಮಾತು ಒಪ್ಪಬ್ಯಾಡ ಅಂತ ಕಲಿಸಿದವ ನಾನು, ಪ್ರಮಾಣ ತಂದು ನನ್ನ ಮುಂದೇ ಹಿಡಿದಾಕಿ ನೀನು. ಶಿವರಂಜನಿ ಹೋದಾಗೂ ನನಗ ಇಷ್ಟು ಮೋಸ ಆದಂಗ ಅನಿಸಿರಲಿಲ್ಲ.

ಈ ಮಾತು ಹಿಂದಕ್ಕ ತಗೋತೀನಿ. ತಪ್ಪು ಮಾತು.

ಈಗ ಹಾಳಿ ನೋಡು. ನಾ ಸುಳ್ಳು ಹೇಳು ಅನ್ನಲಿಕತ್ತಿಲ್ಲ. ಕಾರ್ಖಾನಿಯಾಗ ಇಪ್ಪತ್ತು ಮಂದಿ ಇರ್ತಾರ. ಕಸಬರಿಗಿ ತಾಗ್ತದ, ಪೈಪಿನ ನೀರು ತಾಗ್ತದ. ಗೆರಿ ಯಾರವು ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನಾ ಹೋಗೂ ಹೊತ್ತಿಗಿ ಅಲ್ಲಿ ಯಾರೂ ಇರ್ತಿರಲಿಲ್ಲ. ಎರಡು ವರ್ಷದಾಗ ನಿಮ್ಮವ್ವನ ಜೋಡಿ ನಾ ಒಂದು ಮಾತು ಆಡಿಲ್ಲ. ಬೇಕಾದ್ರ ಪುಸ್ತಿಕೆಯ ಕೊನಿಗಿ ಕಾರ್ಮಿಕರಿಗಿ ಕೃತಜ್ಞತೆ ಅಂತ ಹಾಕಿಸ್ತೀನಿ. ಆಕಿ ಹೆಸರೂ ಹಾಕಿಸ್ತೀನಿ.

ತಲಿ ಅಲ್ಲಾಡಸ್ತಿ. ಸರಿ. ಒಂದು ನಿಮಿಷ ಆಕಿದೇ ಕೈ ಅನ್ನು. ಆದ್ರೂ ಅದು ಚಿತ್ರ ಆಗಂಗಿಲ್ಲ. ಚಿತ್ರಕ್ಕ ಬರೀಬೇಕು ಅನ್ನೂ ಉದ್ದೇಶ ಬೇಕು. ಆಕಿಗಿ ಅದು ಇರಲಿಲ್ಲ. ಹೋದ ತುದಿ ಇನ್ನೂ ಅದ ಅಂತ ಅನಸ್ತದ, ಕಣ್ಣಿಗಿ ಕಾಣಂಗಿಲ್ಲ, ಅದಕ್ಕ ಖರೇನ ಅದ ಏನು ಅಂತ ದಿನಾ ಕೆಲಸ ಬಿಡೂ ಮುಂದ ಒಮ್ಮಿ ರಾಡ್ಯಾಗ ಎಳೆದು ನೋಡ್ತಾಳ. ಗೆರಿ ಪೂರಾ ಬರಂಗಿಲ್ಲ. ಕೈ ತೊಳ್ಕೊಂಡು ಮನಿಗಿ ಹೋಗ್ತಾಳ. ಅಷ್ಟೇ. ಅದು ಕಲಾ ಅಲ್ಲ, ಅದು—

ಯಾಕ ಹಂಗ ನೋಡ್ತಿ?

ಬೆರಳಿಂದು ಮನ್ಯಾಗ ಹೇಳಿರಬೇಕಲ್ಲ ಆಕಿ. ನಿನಗರೆ ಹೇಳಿರಬೇಕು. ಒಂಬತ್ತು ವರ್ಷದಾಗ ಒಮ್ಮಿರೆ...

ನಿನಗೂ ಹೇಳಿಲ್ಲ ಆಕಿ.

ನನಗ ಯಾರೋ ಹೇಳಿರಬೇಕು. ರೇವಣಪ್ಪ ಹೇಳಿರಬೇಕು. ಇಲ್ಲ, ರೇವಣಪ್ಪಗ ಆಕಿ ಹೆಸರೇ ಗೊತ್ತಿಲ್ಲ.

ಏನರೆ ಅನ್ನು, ಸಂಘಮಿತ್ರಾ. ಬೈ. ಹಿಂಗ ಕುಂದ್ರಬ್ಯಾಡ.

ಚಾ ಆರಿತು.

ನಿದ್ದಿ ಹತ್ತಿದ್ದು ಸುಳ್ಳಲ್ಲ. ಅದೊಂದು ನಂಬು. ಕೈ ಇದ್ರ ಅದು ಕೂಲಿ ಹೆಣ್ಮಗಳ ಫೋಟೋ ಆಗ್ತದ, ಕೈ ಇಲ್ಲಂದ್ರ ಅಮೂರ್ತ ಆಗ್ತದ. ಇದು ಕೈ ಬಿಟ್ಟು ಬರೇ ಗೆರಿ ತಗದದ್ದಕ್ಕ ನಾ ಆಮ್ಯಾಲ ಹುಡುಕಿದ ಕಾರಣ. ಮೊದಲನೇ ಕಾರಣ ಅಂದ್ರ, ಅಲ್ಲಿ ಇನ್ನೊಬ್ಬರ ನೋವು ಅದ ಅಂತ ಗೊತ್ತಾದ್ರ ಎದ್ದು ಹೋಗಿ ನೋಡಬೇಕಾಗ್ತದ. ನನಗ ಅದು ಆಗಂಗಿಲ್ಲ. ನಾ ಪೇಪರ್ ಓದಾಂವ.

ಮೊದಲನೇ ದಿನ ನಾ ಆ ಗ್ವಾಡಿ ಹತ್ರ ಹೋದಾಗ ನಿಮ್ಮವ್ವ ಅಲ್ಲೇ ಇದ್ಲು. ಕೈ ಇನ್ನೂ ಕಲ್ಲಿನ ಮ್ಯಾಲೇ ಇತ್ತು. ಏನು ಮಾಡ್ಲಿಕತ್ತೀದಿ ಅಂತ ಕೇಳ್ದೆ, ಬೆರಳಿಂದು ಹೇಳಿದ್ಲು. ನಾ ಕ್ಯಾಮೆರಾ ಎತ್ತಿದೆ. ಸಾಹೇಬ್ರು ತನ್ನ ಫೋಟೋ ತಗೀತಾರ ಅಂತ ಆಕಿ ಇನ್ನೊಂದು ಕೈಯಿಂದ ಸೆರಗು ಸರಿ ಮಾಡ್ಕೊಂಡ್ಲು.

ಜರಾ ಕೈ ತಗಿ, ಲಾಲಮ್ಮ, ಅಂತ ನಾನೇ ಹೇಳ್ದೆ.