ಚೆಕ್ಕರನಿಗೆ ತೆರೆಯದ ಫೈಲು

ವೇದಿಕೆಯಲ್ಲಿರುವ ಸಭಾಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಇವತ್ತು ನಾವು ಬೀಳ್ಕೊಡುತ್ತಿರುವ ಸ್ವರ್ಣಲತಾ ಟೀಚರೇ, ಎದುರಿನ ಸಾಲಿನಲ್ಲಿ ನನ್ನ ಮೇಲೊಂದು ಕಣ್ಣಿಟ್ಟು ಕುಳಿತಿರುವ ನನ್ನ ಹೆಂಡತಿ ಗಿರಿಜಾ ಸೇರಿದಂತೆ ಮಹಿಳಾ ಮಂಡಳಿಯ ತಾಯಂದಿರೇ, ಮಕ್ಕಳೇ, ಪಾಯಸದ ಪರಿಮಳ ಮೂಗಿಗೆ ಬಡಿಯುತ್ತಿದ್ದರೂ ಜಾಗ ಬಿಟ್ಟು ಏಳದ ಸಭಿಕರೇ,

ಹಳೆ ವಿದ್ಯಾರ್ಥಿ ಸಂಘದ ಪರವಾಗಿ ಎರಡು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಎರಡು ಮಾತು ಎಂದು ಮೈಕ್ ಹಿಡಿದವರು ಎರಡಕ್ಕೇ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ನನ್ನನ್ನೂ ನಂಬಬೇಡಿ.

ಈ ಮೇಜಿನ ಮೇಲೆ, ಹೂದಾನಿಯ ಪಕ್ಕದಲ್ಲಿ, ಮಕ್ಕಳ ಹಸಿರು ಲ್ಯಾಪ್‌ಟಾಪ್ ಒಂದನ್ನು ತೆರೆದಿಟ್ಟಿದ್ದಾರೆ. ಮಾತೆಲ್ಲ ಅದರಲ್ಲಿ ರೆಕಾರ್ಡ್ ಆಗುತ್ತದೆಯಂತೆ. ಟೀಚರ್ ನನಗೆ ಮೆಟ್ಟಿಲ ಹತ್ತಿರವೇ ಹೇಳಿದರು, “ಶೆಟ್ರೇ, ಮೊದ್ಲ್ ನಿಮ್ ಹೆಸ್ರ್, ಮನಿ ಹೆಸ್ರ್, ಊರ್ ಹೇಳಿ. ಆಮೇಲ್ ಸುರು ಮಾಡಿ.” ಅದು ಅವರ ಕ್ರಮ. ನಾನು ಕೊನೆಗೆ ಹೇಳುತ್ತೇನೆ ಎಂದೆ. ಯಾವ ಯಂತ್ರ ಏನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ತಿಳಿಯದೆ ಅದರ ಎದುರು ಹೆಸರು ಹೇಳುವ ಅಭ್ಯಾಸ ನನಗಿಲ್ಲ.

ಅನುಮಾನ ನನ್ನ ಹುಟ್ಟುಗುಣ ಅಲ್ಲ ಸ್ವಾಮಿ, ಕಸುಬಿನ ಗುಣ. ಕುಂದಾಪುರದಿಂದ ಶಿರೂರಿನವರೆಗೆ ಮೂವತ್ತೊಂದು ವರ್ಷ ಖಾಸಗಿ ಬಸ್ಸುಗಳಲ್ಲಿ ಚೆಕ್ಕರ್ ಆಗಿದ್ದವನು ನಾನು. ಕಿಟಕಿಯ ಹೊರಗೆ ಕಡಲು ನೋಡುವವನು ಕಡಲನ್ನೇ ನೋಡುತ್ತಿದ್ದಾನೋ, ನನ್ನಿಂದ ಮುಖ ಮರೆಸುತ್ತಿದ್ದಾನೋ? ಕಣ್ಣು ಮುಚ್ಚಿದವಳಿಗೆ ನಿಜವಾಗಿ ನಿದ್ದೆಯೋ? ಇದನ್ನು ಕಂಡುಹಿಡಿಯುವುದೇ ನನ್ನ ಅನ್ನ. ಬಸ್ಸಿನಿಂದ ಇಳಿದೆ, ಆದರೆ ಅನುಮಾನ ನನ್ನೊಂದಿಗೇ ಇಳಿದು ಮನೆಗೆ ಬಂತು. ಮಗಳ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕುಳಿತವರನ್ನೂ “ನೀವ್ ಯಾರ್ ಕಡಿಯವ್ರ್?” ಎಂದು ಕೇಳಿದವನು ನಾನು. ಅವರು ವರನ ಸೋದರಮಾವ ಆಗಿದ್ದರು. ಅದಿರಲಿ.

ಮೂರು ವರ್ಷದ ಹಿಂದೆ ಈ ಶಾಲೆಗೆ ಹದಿನೆಂಟು ಲ್ಯಾಪ್‌ಟಾಪ್ ಬಂದವು. ಮುಂಬಯಿಯಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಕಳಿಸಿದ್ದು. ಒಳಗೆ ಗ್ರಂಥಾಲಯವೇ ಇದೆ, ಆರುನೂರ ನಲವತ್ತು ಪುಸ್ತಕ, ನೆಟ್ ಬೇಡ ಎಂದರು. ಪುಕ್ಕಟೆ ಕೊಡುವವನಿಗೆ ಏನು ಲಾಭ? ನನ್ನ ಮೊದಲ ಪ್ರಶ್ನೆ ಅದೇ. ಯಾರೂ ಉತ್ತರ ಕೊಡದ ಕಾರಣ ಕಪಾಟಿನ ಎರಡು ಬೀಗದ ಕೈಗಳಲ್ಲಿ ಒಂದು ನನ್ನ ಹತ್ತಿರ ಇರಲಿ ಎಂದೆ. ಕೊಟ್ಟರು. ಕೊಟ್ಟದ್ದು ನನ್ನ ಮೇಲಿನ ನಂಬಿಕೆಯಿಂದ ಎಂದುಕೊಂಡಿದ್ದೆ. ನನ್ನ ಕಾಟ ತಡೆಯಲಾರದೆ ಕೊಟ್ಟದ್ದು ಎಂದು ಮುಖ್ಯೋಪಾಧ್ಯಾಯರು ಆಮೇಲೆ ಹೇಳಿದರು.

ಆ ಆರುನೂರ ನಲವತ್ತು ಪುಸ್ತಕಗಳನ್ನು ಮಕ್ಕಳು ಓದಿದರೇ? ಇಲ್ಲ. ಎಲ್ಲವೂ ಪಿಡಿಎಫ್. ದೊಡ್ಡ ಕಾಗದಕ್ಕೆ ಮಾಡಿದ ಪುಟ, ಅಂಗೈ ಎರಡು ಜೋಡಿಸಿದಷ್ಟು ಪರದೆ. ಅಕ್ಷರ ಇರುವೆ ಸಾಲಿನಂತೆ. ದೊಡ್ಡದು ಮಾಡಿದರೆ ಅರ್ಧ ಸಾಲು ಹೊರಗೆ. ಎರಡನೇ ಕ್ಲಾಸಿನ ಮಗು ಒಂದು ವಾಕ್ಯ ಓದಲು ಪುಟವನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಎಳೆಯಬೇಕು. ಇನ್ನು ಕೆಲವು ಪುಸ್ತಕದಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕ ಚೌಕ. ನಾವು ಸಂಘದವರು ಫೋಟೋ ತೆಗೆಸಿಕೊಂಡು ಮನೆಗೆ ಹೋದೆವು. ಚೌಕಗಳ ಎದುರು ಕುಳಿತವರು ಸ್ವರ್ಣಲತಾ ಟೀಚರ್ ಒಬ್ಬರೇ.

ಅವರು ದಿನಾ ಸಂಜೆ ಒಂದು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಬ್ರಹ್ಮಾವರದ ತಮ್ಮ ಮನೆಗೆ ಒಯ್ಯಲು ಸುರು ಮಾಡಿದರು. ಬೆಳಿಗ್ಗೆ ವಾಪಸು ತರುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಒಯ್ಯುವುದೇಕೆ? ಮಂಗಳವಾರ ಶಾಲೆ ಬಿಟ್ಟ ಮೇಲೆ ನಾಲ್ಕೈದು ಹೆಂಗಸರು ಕೊನೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಏಕೆ? ನನ್ನ ಮನೆಯಲ್ಲೇ ನೋಡಿ. “ಹ್ವಾಯ್, ಎಲ್ಲಿಗ್ ಹೋಪ್ದ್?” ಎಂದು ಕೇಳಿದರೆ ಗಿರಿಜಾ, “ಇಲ್ಲೇ ಹೋಯಿ ಬತ್ತೆ” ಎನ್ನುತ್ತಿದ್ದಳು. ಇಲ್ಲೇ ಎಂಬ ಹೆಸರಿನ ಸ್ಟಾಪು ನನ್ನ ಮೂವತ್ತೊಂದು ವರ್ಷದಲ್ಲಿ ಎಲ್ಲೂ ಬಂದಿಲ್ಲ. ಇದೆಲ್ಲ ಸಾಲದೆಂಬಂತೆ, ದಾರಿಯಲ್ಲಿ ನನ್ನನ್ನು ಕಂಡ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುವುದು. ಒಬ್ಬ ಹುಡುಗಿಯಂತೂ “ಕಾ ಕಾ” ಎಂದು ಓಡಿದಳು. ನನ್ನ ಶರ್ಟಿಗೆ ಏನಾದರೂ ಮೆತ್ತಿದೆಯೇ ಎಂದು ನಾಲ್ಕು ದಿನ ಕನ್ನಡಿ ನೋಡಿಕೊಂಡೆ.

ಒಂದು ಭಾನುವಾರ ಕಪಾಟು ತೆರೆದೆ. ಕೀ ನನ್ನದೇ ತಾನೇ? ಲ್ಯಾಪ್‌ಟಾಪಿನಲ್ಲಿ ‘ಅಮ್ಮಮ್ಮನ ಜಗಲಿ’ ಎಂಬ ಹೊಸ ಫೈಲು ಕಂಡಿತು. ಅಲ್ಲಿ ಹೇಗೆ ತೆರೆಯಬೇಕೆಂದು ಗೊತ್ತಾಗದೆ, ಪೆನ್‌ಡ್ರೈವಿಗೆ ಹಾಕಿಕೊಂಡು ಕುಂದಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯವರು ತಿರುಗಿಸಿ ಮುರುಗಿಸಿ ನೋಡಿ, “ಇದ್ ಯಾವ್ ನಮೂನಿ ಫೈಲೋ ಏನೋ. ಇಲ್ಲಿ ಓಪನ್ ಆತಿಲ್ಲೆ” ಎಂದರು. ನನಗೆ ಅಷ್ಟೇ ಸಾಕಾಯಿತು. ತೆರೆಯದ ಫೈಲು ಎಂದರೆ ಬಚ್ಚಿಟ್ಟ ಫೈಲು. ಬಚ್ಚಿಟ್ಟದ್ದು ಎಂದರೆ ಕಳ್ಳಮಾಲು.

ಸಭಿಕರೇ, ಲೈನ್ ಚೆಕಿಂಗಿನಲ್ಲಿ ಒಂದು ನಿಯಮ ಇದೆ. ಮೊದಲು ಪ್ರಯಾಣಿಕನನ್ನು ಟಿಕೇಟ್ ಎಲ್ಲಿ ಎಂದು ಕೇಳಬೇಕು. ಕಿಸೆ ತಡಕಲು ಸಮಯ ಕೊಡಬೇಕು. ಆಮೇಲೆ ಕೇಸ್ ಬರೆಯಬೇಕು. ಕೇಳದೆ ಬರೆದ ಚೆಕ್ಕರನನ್ನು ನಾವು ಚೆಕ್ಕರ್ ಎಂದು ಕರೆಯುತ್ತಿರಲಿಲ್ಲ. ಟೀಚರ್ ಹತ್ತಿರ ‘ಇದೇನು’ ಎಂದು ಯಾರಾದರೂ ಒಂದು ಮಾತು ಕೇಳಿದರೇ? ಕೇಳಲಿಲ್ಲ.

ಮೇಲಿನ ಕಚೇರಿಗೆ ಒಂದು ಅರ್ಜಿ ಹೋಯಿತು. ಶಾಲೆಯ ಲ್ಯಾಪ್‌ಟಾಪ್ ಟೀಚರ ಮನೆಯಲ್ಲಿ ಇರುತ್ತದೆ, ಅದರಲ್ಲಿ ಯಾರಿಗೂ ತೆರೆಯಲಾಗದ ಫೈಲು ಇದೆ, ತನಿಖೆ ಆಗಬೇಕು ಎಂದು. ಒಂದೂವರೆ ಪುಟ, ನೀಲಿ ಶಾಯಿ, ‘ತನಿಖೆ’ ಎಂಬಲ್ಲಿ ಎರಡು ಗೀಟು. ಹಾಗೆಂದು ಕೇಳಿದ್ದೇನೆ. ಕೆಳಗೆ ಸಹಿ ಮಾತ್ರ ಇರಲಿಲ್ಲ.

ಆಮೇಲಿನದು ನಿಮಗೆಲ್ಲ ಗೊತ್ತು. ಅಧಿಕಾರಿಗಳು ಬಂದರು. ಹದಿನೆಂಟೂ ಲ್ಯಾಪ್‌ಟಾಪ್ ಎರಡೂವರೆ ತಿಂಗಳು ಕಪಾಟಿನೊಳಗೆ ಸೀಲ್ ಆಗಿ ಕುಳಿತವು. ಮಕ್ಕಳ ಎದುರೇ ಟೀಚರ ಬ್ಯಾಗ್ ತೆರೆಸಿ ನೋಡಿದರು. ಅದರಲ್ಲಿ ಒಂದು ಬುತ್ತಿ, ಒಂದು ಕೊಡೆ, ಒಂದು ಚಾರ್ಜರ್. ತಪ್ಪೇನೂ ಸಿಗಲಿಲ್ಲ. ಆದರೂ ಗಲಾಟೆ ಬೇಡ ಎಂದು ಅವರನ್ನು ಶಿರೂರಿನ ಆಚೆಯ ಶಾಲೆಗೆ ವರ್ಗ ಮಾಡಿದರು, ನಾಳೆಯಿಂದ ಅಲ್ಲಿ ಹಾಜರಾಗಬೇಕು. ಬ್ರಹ್ಮಾವರದಿಂದ ಅಲ್ಲಿಗೆ ದಿನಾ ಹೋಗಿಬರುವುದೆಂದರೆ ಏನೆಂದು ಆ ಲೈನಿನಲ್ಲಿ ಸವೆದ ನನಗೆ ಯಾರೂ ಹೇಳಬೇಕಾಗಿಲ್ಲ.

ಊರವರು ಸುಮ್ಮನಿರುತ್ತಾರೆಯೇ? ಅರ್ಜಿ ಬರೆದದ್ದು ಅಂಗಡಿ ಭೋಜನೇ ಎಂದು ತೀರ್ಮಾನ ಮಾಡಿದರು. ಶಾಲೆಯ ಹತ್ತಿರ ಗುಟ್ಕಾ ಮಾರಬಾರದು ಎಂದು ಟೀಚರ್ ಅವನಿಗೆ ಜೋರು ಮಾಡಿದ್ದರಲ್ಲ, ಅದರ ಸೇಡು ಎಂದು. ಹೆಂಗಸರು ಅವನ ಅಂಗಡಿಗೆ ಹೋಗುವುದು ಬಿಟ್ಟರು. ಹರಟೆ ಕಟ್ಟೆಯಲ್ಲಿ “ಅವ್ನೇ ಮಾರಾಯ್ರೆ, ಬೇರೆ ಯಾರ್?” ಎಂದಾಗ ತಲೆ ಆಡಿಸಿದವರಲ್ಲಿ ನಾನೂ ಒಬ್ಬ. ಭೋಜ ಇವತ್ತೂ ಬಂದಿದ್ದಾನೆ. ಕೊನೆಯ ಬೆಂಚಿನಲ್ಲಿ, ಅವನ ಪಕ್ಕ ಎರಡು ಜಾಗ ಖಾಲಿ.

ಮೊನ್ನೆ ಸೀಲ್ ತೆಗೆದರು. ನಾಲ್ಕನೇ ಕ್ಲಾಸಿನಲ್ಲಿರುವ ನನ್ನ ಮೊಮ್ಮಗಳು ತೃಷಾ ಒಂದು ಲ್ಯಾಪ್‌ಟಾಪನ್ನು ಮನೆಗೆ ತಂದು ಗ್ರಂಥಾಲಯ ಎಂಬ ಚಿತ್ರ ಒತ್ತಿದಳು, ಅದರೊಳಗೆ ‘ಅಮ್ಮಮ್ಮನ ಜಗಲಿ’ ಒತ್ತಿದಳು. ತೆರೆದೇ ಬಿಟ್ಟಿತು! ಕುಂದಾಪುರದ ಅಂಗಡಿಯಲ್ಲಿ ತೆರೆಯದ್ದು ಒಂಬತ್ತು ವರ್ಷದ ಮಗುವಿನ ಬೆರಳಿಗೆ ತೆರೆಯಿತು. ಮೊದಲು ಚಿತ್ರ ಬಂತು, ದೊಡ್ಡ ದೊಡ್ಡ ಅಕ್ಷರ ಬಂತು, ಆಮೇಲೆ ಒಂದು ಧ್ವನಿ. ನಲವತ್ತು ವರ್ಷದಿಂದ ನನ್ನ ಮನೆಯಲ್ಲಿ ಕೇಳುತ್ತಿರುವ ಧ್ವನಿ.

“ನಾನ್ ನಾವುಂದದ್ ಬಡಾಮನಿ ಗಿರಿಜಾ. ಒಂದ್ ಊರಗೆ ಒಬ್ಬ ಚೆಕ್ಕರ್ ಇದ್ದಿದ್ದ. ಅವ್ನಿಗೆ ಯಾರ್ ಕಂಡ್ರೂ ಅನುಮಾನ.”

ನಗಬೇಡಿ, ಮುಂದೆ ಕೇಳಿ. ಬಸ್ಸಿನ ಮೇಲೆ ಕುಳಿತ ಕಾಗೆಯ ಹತ್ತಿರವೂ ಆ ಚೆಕ್ಕರ್ ಟಿಕೇಟ್ ಕೇಳುತ್ತಾನೆ. ಗಂಡನ ಮನೆಗೆ ಹೊರಟ ಮದುಮಗಳ ಹತ್ತಿರ ಕೇಳುತ್ತಾನೆ. ತೊಟ್ಟಿಲ ಮಗುವನ್ನು ಕೇಳುತ್ತಾನೆ. ಒಬ್ಬೊಬ್ಬರೇ ಇಳಿದು ಹೋಗುತ್ತಾರೆ, ಬಸ್ಸು ಖಾಲಿಯಾಗುತ್ತದೆ. ಕಡೆಗೆ ಕಾಗೆ ಕಿಟಕಿಯಲ್ಲಿ ಬಂದು ಕೂತು ಕೇಳುತ್ತದೆ, “ಹ್ವಾಯ್ ಚೆಕ್ಕರ್ರೇ, ಎಲ್ಲರದ್ದೂ ಕಂಡ್ರಿ. ನಿಮ್ ಟಿಕೇಟ್ ಎಲ್ಲಿತ್?”

ತೃಷಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನನಗೆ ಯಾಕೆ ಹೇಳಲಿಲ್ಲ ಎಂದು ಗಿರಿಜಾಳನ್ನು ಕೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತ ತಲೆ ಎತ್ತದೆ, “ನಿಮ್ಗ್ ಹೇಳ್ರೆ ನೂರ್ ಪ್ರಶ್ನೆ ಕೇಂತ್ರಿ. ಕತಿ ಹೇಳ್ವತಿಗ್ ಮಕ್ಕಳ್ ಒಂದೇ ಪ್ರಶ್ನೆ ಕೇಂಬುದ್, ‘ಮುಂದೆ ಎಂತ ಆಯ್ತ್?’ ಅಂದೇಳಿ” ಎಂದಳು. ನನಗೆ ಬಹಳ ನೋವಾಯಿತು. ವೇದಿಕೆಯ ಮೇಲೆ ಇದನ್ನೆಲ್ಲ ಹೇಳಬಾರದು, ಹೇಳಿಯಾಯಿತು.

ಮರುದಿನ ಟೀಚರ್ ಹತ್ತಿರ ಹೋಗಿ, ಫೈಲು ಬೇರೆ ಕಡೆ ತೆರೆಯದ ಹಾಗೆ ಮಾಡಿದ್ದೇಕೆ ಎಂದು ಕೇಳಿದೆ. ಕೇಳಲು ಹಿಡಿದದ್ದು ಒಂದೇ ನಿಮಿಷ. ತೆರೆಯದ ಹಾಗೆ ಮಾಡಿದ್ದಲ್ಲ, ಈ ಪುಟ್ಟ ಯಂತ್ರದ ಗ್ರಂಥಾಲಯಕ್ಕೆ ಹೊಂದುವ ಹಾಗೆ ಮಾಡಿದ್ದು ಎಂದರು ಅವರು. ಅಕ್ಷರ, ಚಿತ್ರ, ಧ್ವನಿ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಓದಲು ಬಾರದ ಮಗುವೂ ಕೇಳುತ್ತ ಓದಬಹುದು. ಒಂದೊಂದು ಕತೆ ಕಟ್ಟಲು ನಾಲ್ಕು ಸಂಜೆ ಬೇಕು. ಅದಕ್ಕೇ ಮನೆಗೆ ಒಯ್ಯುತ್ತಿದ್ದರು. ಮಂಗಳವಾರ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಹೆಂಗಸರು ಹೇಳುವ ಕತೆಯನ್ನು ಹೊರಗಿನ ಸದ್ದಿಲ್ಲದೆ ರೆಕಾರ್ಡ್ ಮಾಡಲು. ಹೆಸರು ಮೊದಲು ಹೇಳಿಸುವುದು ಏಕೆ ಎಂದೂ ಕೇಳಿದೆ. “ಕತಿ ಹೇಳ್ದವ್ರ್ ಯಾರಂತ ಮಕ್ಕಳಿಗ್ ಗೊತ್ತಾಯ್ಕಲ್ದಾ ಶೆಟ್ರೇ? ಹೆಸ್ರಿಲ್ದೇ ಇದ್ದ್ ಮಾತ್ ನಾನ್ ಮಕ್ಕಳಿಗ್ ಕೊಡುದಿಲ್ಲೆ” ಎಂದರು. ಅವರು ನನಗೆ ಚುಚ್ಚಿ ಹೇಳಿದ್ದೋ, ಸಹಜವಾಗಿ ಹೇಳಿದ್ದೋ? ಈಗಲೂ ನನಗೆ ಅನುಮಾನವಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ.

ಟೀಚರೇ, ಇವತ್ತು ಬೆಳಿಗ್ಗೆ ನಾನು ಕಚೇರಿಗೆ, ನಿಮ್ಮ ವರ್ಗ ರದ್ದು ಮಾಡಿ ಎಂದು ಇನ್ನೊಂದು ಅರ್ಜಿ ಕೊಟ್ಟು ಬಂದಿದ್ದೇನೆ. ಇದಕ್ಕೆ ಸಹಿ ಇದೆ. ಅವರು ಓದಿ, ನೋಡುವ ಎಂದರು. ನೋಡುವ ಎಂದರೆ ಏನೆಂದು ನನಗೂ ಗೊತ್ತು, ನಿಮಗೂ ಗೊತ್ತು. ನಾಳೆ ಆರೂಕಾಲಿನ ಬಸ್ಸಿಗೆ ನೀವು ಹೊರಡಲೇಬೇಕು. ಕಪಾಟಿನ ಬೀಗದ ಕೈಯನ್ನು ಇಗೋ ಮೇಜಿನ ಮೇಲೆ ಇಟ್ಟಿದ್ದೇನೆ, ಲ್ಯಾಪ್‌ಟಾಪಿನ ಪಕ್ಕದಲ್ಲೇ.

ಮಾತಾಡಲು ಅವಕಾಶ ಕೊಟ್ಟ ಸಂಘಕ್ಕೆ, ಪಾಯಸ ಆರುವವರೆಗೂ ಕುಳಿತ ನಿಮಗೆ ಉಪಕಾರ ಹೇಳುತ್ತೇನೆ. ಭೋಜ, ಏಳಬೇಡ, ಕುಳಿತುಕೋ. ಇನ್ನೊಂದೇ ಮಾತಿದೆ. ಟೀಚರೇ, ಅದು ಇನ್ನೂ ರೆಕಾರ್ಡ್ ಆಗುತ್ತಿದೆಯಲ್ಲ? ಆಗಲಿ. ಮೊದಲು ಹೇಳಬೇಕಾದ್ದನ್ನು ಕೊನೆಗೆ ಹೇಳುತ್ತಿದ್ದೇನೆ.

ನಾನು ನಾವುಂದದ ಬಡಾಮನೆ ಚಂದಯ್ಯ ಶೆಟ್ಟಿ. ಹೆಸರಿಲ್ಲದ ಆ ಮೊದಲ ಅರ್ಜಿ ಬರೆದವನು ನಾನು.

ನಮಸ್ಕಾರ.