ಜೀನ್ಸಿನ ಮೇಲಿನ ಎರಡು ಬಿಳಿ ಕಲೆಗಳು

ಬೀದಿಯವರೆಲ್ಲ ಸೋಪಕ್ಕ ಎಂದು ಕರೆಯುವ ನಾನು, ವಯಸ್ಸು 58 ವರ್ಷ, ವೃತ್ತಿ ಲಾಂಡ್ರಿ, ವಾಸ ಲಾಂಡ್ರಿಯ ಮೇಲಿನ ಮಹಡಿ, ಇಂದು ಬುಧವಾರ ಮಧ್ಯಾಹ್ನ 12.30ಕ್ಕೆ ಠಾಣೆಯಲ್ಲಿ ಹಾಜರಿದ್ದು, ನಾನು ಒಗೆದುಕೊಟ್ಟ ಒಂದು ಜೀನ್ಸ್ ಪ್ಯಾಂಟಿಗಾಗಿ ಇಬ್ಬರು ಗಿರಾಕಿಗಳು ನಡುರಸ್ತೆಯಲ್ಲಿ ಎಳೆದಾಡಿದ ವಿಷಯವಾಗಿ, ಏನನ್ನೂ ಮುಚ್ಚಿಡದೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಂಗಡಿ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಬಟ್ಟೆ ನೆನೆಹಾಕಲು ಎಡಕ್ಕೊಂದು, ಬಲಕ್ಕೊಂದು ಸಿಮೆಂಟಿನ ತೊಟ್ಟಿಗಳಿವೆ. ಒಗೆಯುವುದು ನಾನು. ಒಣಹಾಕಿ ಇಸ್ತ್ರಿ ಮಾಡುವುದು ನನ್ನ ಯಜಮಾನರು. ನಿನ್ನೆಯವರೆಗೆ ಮೂವತ್ತೊಂದು ವರ್ಷಗಳಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಹೋದದ್ದಿಲ್ಲ, ಯಾರದೂ ಒಂದು ಗುಂಡಿ ಕೂಡ ಕಳೆದದ್ದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಹಾಗೆಂದೇ ಬರೆದುಕೊಳ್ಳಬೇಕಾಗಿ ರೈಟರ್ ಅವರಲ್ಲಿ ಕೋರಿದ್ದೇನೆ.

ಮೊನ್ನೆ ಸೋಮವಾರ ಬೆಳಿಗ್ಗೆ 8.10ಕ್ಕೆ ಲಿಫ್ಟ್ ರಿಪೇರಿ ಕೆಲಸದವರೊಬ್ಬರು, ವಯಸ್ಸು ಸುಮಾರು ಮೂವತ್ತು, ಹೆಂಡತಿಯ ಜೊತೆ ಅಂಗಡಿಗೆ ಬಂದರು. ಹೆಂಡತಿ ಒಂದು ಚೀಲವನ್ನು ತೋಳಿನುದ್ದ ದೂರ ಹಿಡಿದು, ಮುಖವನ್ನು ಆಚೆ ತಿರುಗಿಸಿದ್ದರು. ಚೀಲದಿಂದ ಒಂದು ಜೀನ್ಸ್ ಪ್ಯಾಂಟನ್ನು ತೆಗೆದು ಮೇಜಿನ ಮೇಲೆ ಇಟ್ಟೆ. ಅದು ಮಲಗಲಿಲ್ಲ, ಕುಳಿತುಕೊಂಡಿತು. ಎಷ್ಟು ದಿನದಿಂದ ಒಗೆದಿಲ್ಲ ಎಂದು ಕೇಳಿದೆ. ಹದಿನಾಲ್ಕು ತಿಂಗಳು ಎಂದರು. ಕಿವಿ ಮೇಲೆ ನಂಬಿಕೆ ಬಾರದೆ ಇನ್ನೊಮ್ಮೆ ಕೇಳಿದೆ. ಹದಿನಾಲ್ಕು ತಿಂಗಳು ಎಂದು ಇನ್ನೊಮ್ಮೆ ಹೇಳಿದರು, ಅದೂ ನಗುನಗುತ್ತಾ.

ಅದು ರಾ ಡೆನಿಮ್ ಎಂದೂ, ನೀಲಿಯಲ್ಲಿ ಅದ್ದಿದ ನೂಲಿನಿಂದ ನೇಯ್ದ ಮೇಲೆ ನೀರನ್ನೇ ಕಾಣದ ಬಟ್ಟೆಯೆಂದೂ, ಪದೇಪದೇ ಒಗೆದರೆ ನೀಲಿ ಎಲ್ಲ ಕಡೆ ಒಂದೇ ಸಮನಾಗಿ ಬಿಟ್ಟುಹೋಗುತ್ತದೆಂದೂ, ಒಗೆಯದೆ ತೊಟ್ಟರೆ ಮೈ ಮಡಿಚುವ ಕಡೆ, ಉಜ್ಜುವ ಕಡೆ ಮಾತ್ರ ಬಿಳುಪಾಗಿ, ಆ ಪ್ಯಾಂಟು ಲೋಕದಲ್ಲಿ ಒಬ್ಬರದೇ ಆಗುತ್ತದೆಂದೂ ಅವರು ವಿವರಿಸಿದರು. "ಒಬ್ರದೇ ಆಗೋದ್ರಲ್ಲಿ ಅನುಮಾನವೇ ಇಲ್ಲ, ಇನ್ನೊಬ್ರು ಹತ್ರ ಬಂದ್ರೆ ತಾನೇ!" ಎಂದು ಹೆಂಡತಿ ಹೇಳಿದರು. ಮನೆಯಲ್ಲಿ ಇನ್ನು ಮುಂದೆ ಒಂದೋ ತಾನಿರಬೇಕು, ಇಲ್ಲವೇ ಆ ಪ್ಯಾಂಟು ಇರಬೇಕು ಎಂಬ ಹಂತಕ್ಕೆ ಮಾತು ಬಂದದ್ದರಿಂದ ಒಗೆಸಲು ತಂದಿರುವುದಾಗಿ ತಿಳಿಸಿದರು. ನಾನು ಹೆಂಡತಿಯ ಪಕ್ಷ ವಹಿಸಿದೆ. ಯಾವ ಪ್ಯಾಂಟೇ ಆಗಲಿ ಮೂರು ಸಲ ತೊಟ್ಟರೆ ನೀರಿಗೆ ಬೀಳಬೇಕು ಎಂಬುದು ನನ್ನ ಅಭಿಪ್ರಾಯ. ಮೂವತ್ತೊಂದು ವರ್ಷದಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ.

ಪದ್ಧತಿಯಂತೆ ಸೊಂಟದ ಪಟ್ಟಿಗೆ ನಂಬರಿನ ಚೀಟಿ ಸಿಕ್ಕಿಸಲು ಪಿನ್ ತೆಗೆದೆ. "ಅಕ್ಕಾ, ಪಿನ್ ಮಾತ್ರ ಬೇಡ, ತೂತು ಬೀಳುತ್ತೆ" ಎಂದು ಲಿಫ್ಟಿನವರು ನನ್ನ ಕೈ ಹಿಡಿದುಕೊಂಡರು. ಮೊದಲ ತಪ್ಪು ಇಲ್ಲಿ ನಡೆಯಿತು. ಹೋಗಲಿ ಪಾಪ ಎಂದು ಪಿನ್ ಕೈಬಿಟ್ಟು, ಎಡ ತೊಟ್ಟಿ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅದೇ ದಿನ 9.35ಕ್ಕೆ ಡ್ರೈವಿಂಗ್ ಶಾಲೆಯ ಮೇಷ್ಟ್ರು ಬಂದರು. ಅದೇ ಕಂಪನಿ, ಅದೇ ಸೊಂಟ, ಅದೇ ಹದಿನಾಲ್ಕು ತಿಂಗಳು, ಅದೇ ಪಿನ್ ಬೇಡ. ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಂಡವರೆಂದೂ, ಒಬ್ಬರಿಗೊಬ್ಬರ ಪರಿಚಯವಿಲ್ಲವೆಂದೂ ಆಮೇಲೆ ತಿಳಿಯಿತು. ಇದು ಅಂಟುರೋಗ ಇರಬೇಕು ಎಂದು ನನ್ನ ಯಜಮಾನರು ಇಸ್ತ್ರಿ ಪೆಟ್ಟಿಗೆಯ ಹಿಂದಿನಿಂದ ಹೇಳಿದರು. ಮೇಷ್ಟ್ರದ್ದನ್ನು ಬಲ ತೊಟ್ಟಿಗೆ ಹಾಕಿದೆ.

ಇಬ್ಬರೂ ಹೇಳಿದಂತೆ ಪ್ಯಾಂಟುಗಳನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ನಲವತ್ತೈದು ನಿಮಿಷ ನೆನೆಸಿ, ಬ್ರಷ್ ಮುಟ್ಟಿಸದೆ ಕೈಯಲ್ಲೇ ಒಗೆದೆ. ಮೂರು ಸಲ ನೀರು ಶಾಯಿಯಾಯಿತು. ನನ್ನ ಉಗುರುಗಳು ಇವತ್ತಿಗೂ ನೀಲಿಯಾಗಿಯೇ ಇವೆ, ಠಾಣಾಧಿಕಾರಿ ಮೇಡಂ ಅವರಿಗೆ ತೋರಿಸಿದ್ದೇನೆ. ಯಜಮಾನರು ಎರಡನ್ನೂ ಇಪ್ಪತ್ತೆರಡು ಮೆಟ್ಟಿಲು ಹತ್ತಿ ತಾರಸಿಯಲ್ಲಿ ಒಣಹಾಕಿದರು. ಬಟ್ಟೆ ದಪ್ಪವಿದ್ದದ್ದರಿಂದ ಮಂಗಳವಾರವೂ ಬಿಸಿಲು ಬೇಕಾಯಿತು. ಬಿಸಿಲು ಸರಿದಂತೆಲ್ಲ ಅವರು ಪ್ಯಾಂಟುಗಳನ್ನು ಈ ಹಗ್ಗದಿಂದ ಆ ಹಗ್ಗಕ್ಕೆ ಸರಿಸಿದರು. ಎಡ ಯಾವುದು, ಬಲ ಯಾವುದು ಎಂದು ನಾನು ಅವರಿಗೆ ಹೇಳಿರಲಿಲ್ಲ.

ಮಂಗಳವಾರ ಮಧ್ಯಾಹ್ನ 3.50ಕ್ಕೆ ನಾನು ತಾರಸಿಗೆ ಹೋಗಿ ಎರಡನ್ನೂ ತಿರುಗಿಸಿ ನೋಡಿದೆ. ಒಂದು ಸಾಧಾರಣವಾಗಿತ್ತು. ಇನ್ನೊಂದನ್ನು ನೋಡಿ ಅಲ್ಲೇ ನಿಂತುಬಿಟ್ಟೆ. ತೊಡೆಯ ಸಂದಿನಿಂದ ಕಿರಣಗಳ ಹಾಗೆ ಬಿಳಿ ಗೆರೆಗಳು, ಮೊಣಕಾಲಿನ ಮೇಲೆ ಆಕಾಶದ ಬಣ್ಣ, ಮಿಕ್ಕೆಡೆ ಗಾಢ ನೀಲಿ. ಇಷ್ಟು ಚೆಂದದ ಪ್ಯಾಂಟನ್ನು ನಾನು ಕಂಡಿರಲಿಲ್ಲ. ಆಮೇಲೆ ಆ ಎರಡು ಕಲೆಗಳು ಕಣ್ಣಿಗೆ ಬಿದ್ದವು. ಸೊಂಟದ ಪಟ್ಟಿಯಿಂದ ಒಂದೂವರೆ ಗೇಣು ಕೆಳಗೆ, ಮುಂಭಾಗದಲ್ಲಿ, ಎಡ ತೊಡೆಗೊಂದು, ಬಲ ತೊಡೆಗೊಂದು, ಬಾಟಲಿ ಮುಚ್ಚಳದಷ್ಟು ಅಗಲ. ತೊಟ್ಟಿಗಳ ಮೇಲಿನ ಹಲಗೆಯಲ್ಲಿ ಬ್ಲೀಚ್ ಬಾಟಲಿ ಇರುತ್ತದೆ. ಸೋಮವಾರ ಆ ಹಲಗೆ ಒರೆಸಿದವರು ನನ್ನ ಯಜಮಾನರು.

ನಾನು ಇಪ್ಪತ್ತೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅವರಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದೆ. ತಾನು ಬಾಟಲಿ ಮುಟ್ಟಿಯೇ ಇಲ್ಲ ಎಂದರು. ಮುಟ್ಟದೆ ಹಲಗೆ ಹೇಗೆ ಒರೆಸಿದಿರಿ ಎಂದೆ. ಅವರು ಸುಮ್ಮನಾದರು. ಅವರು ಸುಮ್ಮನಾದರೆ ತಪ್ಪು ಒಪ್ಪಿಕೊಂಡರು ಎಂಬುದು ಮದುವೆಯಾದ ದಿನದಿಂದ ನಾನು ಇಟ್ಟುಕೊಂಡು ಬಂದಿರುವ ಅರ್ಥ.

4.15ಕ್ಕೆ ಡ್ರೈವಿಂಗ್ ಮೇಷ್ಟ್ರು ಬಂದರು. ಮೇಜಿನ ಮೇಲೆ ಎರಡೂ ಇದ್ದವು. ಯಾವುದು ಯಾವ ತೊಟ್ಟಿಯದು ಎಂದು ನನಗೆ ಆಗ ಗೊತ್ತಿರಲಿಲ್ಲ. ಅವರು ನೇರವಾಗಿ ಆ ಚೆಂದದ್ದನ್ನೇ ಎತ್ತಿಕೊಂಡು, "ಅಬ್ಬಾ, ಹದಿನಾಲ್ಕು ತಿಂಗಳು ಕಾದಿದ್ದು ಸಾರ್ಥಕ ಆಯ್ತು!" ಎಂದರು. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಮೊದಲ ಒಗೆತಕ್ಕೆ ಮುಂಚೆ ಈ ಬಟ್ಟೆಯ ನಿಜವಾದ ಮುಖ ಕಾಣುವುದೇ ಇಲ್ಲ, ಎಲ್ಲ ಕೊಳೆಯಲ್ಲಿ ಕಪ್ಪಗಿರುತ್ತದೆ. ಇಬ್ಬರೂ ತಮ್ಮ ಪ್ಯಾಂಟನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಆದರೆ ನಾನು ಎರಡು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಮೇಷ್ಟ್ರು ಕಲೆಗಳನ್ನು ಗಮನಿಸುವ ಮೊದಲು ಆ ಪ್ಯಾಂಟು ನನ್ನ ಅಂಗಡಿ ದಾಟಿಹೋದರೆ ಸಾಕು ಎಂದು ಗಡಿಬಿಡಿಯಲ್ಲಿ ಕಾಗದ ಸುತ್ತಿ ಕೊಟ್ಟೆ. ಇದು ಎರಡನೆಯ ತಪ್ಪು. ಇದನ್ನು ಹೇಳುವಾಗ ನನಗೆ ನಾಚಿಕೆಯಾಗುತ್ತಿದೆ.

ಸಂಜೆ 6.05ಕ್ಕೆ ಲಿಫ್ಟಿನವರು ಬಂದು ಉಳಿದದ್ದನ್ನು ಬಿಚ್ಚಿ ನೋಡಿ, "ಇಷ್ಟೇನಾ ಅಕ್ಕಾ?" ಎಂದು ಕೇಳಿ ತೆಗೆದುಕೊಂಡು ಹೋದರು. ನನಗೆ ಊಟ ಸೇರಲಿಲ್ಲ.

ಇಂದು ಬೆಳಿಗ್ಗೆ 9.05ಕ್ಕೆ ಅವರು ಅದೇ ಪ್ಯಾಂಟು ತೊಟ್ಟು ವಾಪಸು ಬಂದು, "ಅಕ್ಕಾ, ಈ ಮೊಣಕಾಲು ನಂದಲ್ಲ" ಎಂದರು. ಬಿಳುಪಾದ ಜಾಗ ಅವರ ಮೊಣಕಾಲಿಗಿಂತ ಎರಡು ಬೆರಳು ಕೆಳಗೆ ಬರುತ್ತಿತ್ತು. ನಾನು ಬಗ್ಗಿ ನೋಡುತ್ತಿರುವಾಗಲೇ ಡ್ರೈವಿಂಗ್ ಶಾಲೆಯ ಕಾರು ಅಂಗಡಿಯ ಮುಂದೆ ಬಂದು ಗಕ್ಕನೆ ನಿಂತುಹೋಯಿತು. ಓಡಿಸುತ್ತಿದ್ದವರು ಅರವತ್ತೈದು ದಾಟಿದ ಒಬ್ಬ ಅಜ್ಜಿ. ಅದೇ ಕಂಪನಿಯ ಆ ಚೆಂದದ ಪ್ಯಾಂಟು ತೊಟ್ಟಿದ್ದ ಮೇಷ್ಟ್ರು ಕಾರು ತಳ್ಳಲು ಕೆಳಗಿಳಿದರು. "ಅಯ್ಯೋ, ಅಲ್ಲಿ ನನ್ನ ಪ್ಯಾಂಟು ಹೋಗ್ತಿದೆ!" ಎಂದು ಲಿಫ್ಟಿನವರು ಕೂಗಿ, ಎಂಟು ಅಡಿ ದೂರವನ್ನು ಎರಡೇ ಹೆಜ್ಜೆಯಲ್ಲಿ ದಾಟಿ ಮೇಷ್ಟ್ರ ಹಿಂಜೇಬು ಹಿಡಿದರು. ಇದು ಯಾರ ಪ್ಯಾಂಟು ಎಂಬ ಬಗ್ಗೆ ಹನ್ನೊಂದು ನಿಮಿಷ ಮಾತು ನಡೆಯಿತು. ಹಿಂದೆ ಹದಿನಾಲ್ಕು ವಾಹನಗಳು ನಿಂತವು. 9.22ಕ್ಕೆ ಪೊಲೀಸರೊಬ್ಬರು ಬಂದು ನಮ್ಮೆಲ್ಲರನ್ನೂ ನಾನೂರು ಮೀಟರ್ ದೂರದ ಠಾಣೆಗೆ ನಡೆಸಿಕೊಂಡು ಬಂದರು. ಅಜ್ಜಿ ಹಿಂದಿನಿಂದ ಒಬ್ಬರೇ ಕಾರು ಓಡಿಸಿಕೊಂಡು ಬಂದು ಠಾಣೆಯ ಮುಂದೆ ನೆಟ್ಟಗೆ ನಿಲ್ಲಿಸಿದರು. ಇದನ್ನು ಬರೆಯಬೇಡಿ ಎಂದು ಕೇಳಿಕೊಂಡೆ, ಅಷ್ಟರಲ್ಲಿ ರೈಟರ್ ಬರೆದಾಗಿತ್ತು.

9.50ಕ್ಕೆ ಮೇಡಂ ಅವರ ಆದೇಶದಂತೆ ಇಬ್ಬರೂ ಜೀನ್ಸ್ ಕಳಚಿ ಮೇಜಿನ ಮೇಲೆ ಇಟ್ಟರು. ಲಿಫ್ಟಿನವರು ಚೀಲದಲ್ಲಿದ್ದ ಕೆಲಸದ ಪ್ಯಾಂಟು ತೊಟ್ಟರು. ಮೇಷ್ಟ್ರಿಗೆ ಪೊಲೀಸರೊಬ್ಬರ ಓಟದ ಚಡ್ಡಿ ಕೊಡಲಾಯಿತು. ಚೆಂದದ ಪ್ಯಾಂಟಿನ ಬಲ ತೊಡೆಯ ಮೇಲೆ ಒಂದು ಉದ್ದನೆಯ ಗುರುತಿತ್ತು. ಲಿಫ್ಟಿನವರು ಅದು ತನ್ನ ಸ್ಕ್ರೂಡ್ರೈವರ್ ಎಂದರು, ಮೇಷ್ಟ್ರು ತನ್ನ ಪೆನ್ನು ಎಂದರು. ಹೀಗೆ ಒಂದೂಕಾಲು ಗಂಟೆ ಹೋಯಿತು. ಕೊನೆಗೆ ಮೇಡಂ ನನ್ನ ಕಡೆ ತಿರುಗಿ, "ಒಗೆದೋರು ನೀವು, ನಿಮ್ಗೇನು ಕಾಣುತ್ತೆ ಹೇಳಿ" ಎಂದರು.

ನನಗೆ ಕಾಣುತ್ತಿದ್ದದ್ದು ಆ ಎರಡು ಬಿಳಿ ಕಲೆಗಳು ಮಾತ್ರ. ಎಷ್ಟು ಹೊತ್ತು ನುಂಗಿಕೊಂಡಿರಲಿ? ಕಲೆಗಳ ಮೇಲೆ ಬೆರಳಿಟ್ಟು, ಇದು ಬ್ಲೀಚ್, ನಮ್ಮ ಅಂಗಡಿಯಲ್ಲೇ ಬಿದ್ದದ್ದು, ಇದು ಇಬ್ಬರಲ್ಲಿ ಯಾರದೇ ಆಗಿರಲಿ ಹಾಳು ಮಾಡಿದವಳು ನಾನು ಎಂದು ಹೇಳಿಬಿಟ್ಟೆ. ಎಲ್ಲರೂ ಬಗ್ಗಿ ನೋಡಿದರು. ನಾನು ಹೋಗಿ ಬೆಂಚಿನ ಮೇಲೆ ಕುಳಿತೆ. ಮೂವತ್ತೊಂದು ವರ್ಷದ ಹೆಸರು ಹೋಯಿತು ಎಂದುಕೊಂಡೆ.

11.20ಕ್ಕೆ ಲಿಫ್ಟಿನವರ ಹೆಂಡತಿ ಹನ್ನೊಂದು ತಿಂಗಳ ಮಗಳನ್ನು ಎತ್ತಿಕೊಂಡು ಬಂದರು. ಅವರ ಕೆಲಸ ಮಧ್ಯಾಹ್ನ ಒಂದಕ್ಕೆ ಶುರುವಾಗುವುದರಿಂದ ಮಗುವನ್ನು ಶಿಶುವಿಹಾರಕ್ಕೆ ಬಿಡಲು ಗಂಡನಿಗೆ ಒಪ್ಪಿಸಬೇಕಿತ್ತು. ಲಿಫ್ಟಿನವರು ಎದೆಗೆ ಮಗು ಹೊರುವ ಪಟ್ಟಿಚೀಲ ಬಿಗಿದು, ಮಗುವಿನ ಮುಖ ಹೊರಗೆ ಬರುವಂತೆ ಕೂರಿಸಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಹೆಂಡತಿಗೆ ನಡೆದದ್ದನ್ನು ಹೇಳತೊಡಗಿದರು. ಮಗು ಖುಷಿಯಿಂದ ಕಾಲು ಬಡಿಯುತ್ತಿತ್ತು. ನಾನು ಬೆಂಚಿನ ಮೇಲಿದ್ದದ್ದರಿಂದ ಆ ಎರಡು ಹಿಮ್ಮಡಿಗಳು ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕಿದ್ದವು. ಅಪ್ಪನ ತೊಡೆಗೆ ಧಪ್ ಧಪ್, ಎಡಕ್ಕೊಂದು, ಬಲಕ್ಕೊಂದು. ನಾನು ಎದ್ದು ನಿಂತೆ.

ಆ ಪ್ಯಾಂಟನ್ನು ಇವರಿಗೆ ತೊಡಿಸಿ ಎಂದು ಮೇಡಂ ಅವರನ್ನು ಕೇಳಿಕೊಂಡೆ. ಲಿಫ್ಟಿನವರು ಮಗುವನ್ನು ಕೊಟ್ಟು, ಒಳಕೋಣೆಗೆ ಹೋಗಿ ಬದಲಿಸಿಕೊಂಡು, 11.34ಕ್ಕೆ ಹೊರಬಂದು ಮಗುವನ್ನು ಮತ್ತೆ ಕಟ್ಟಿಕೊಂಡರು. ಮಗು ಒಮ್ಮೆ ಎಲ್ಲರನ್ನೂ ನೋಡಿ ಕಾಲು ಬಡಿಯಿತು. ಬಲ ಹಿಮ್ಮಡಿ ಬಲ ಕಲೆಯ ಮೇಲೆ, ಎಡ ಹಿಮ್ಮಡಿ ಎಡ ಕಲೆಯ ಮೇಲೆ ಬಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಶಿಶುವಿಹಾರ ಅವರ ಮನೆಯಿಂದ ಒಂದು ಕಿಲೋಮೀಟರ್ ಮುನ್ನೂರು ಮೀಟರ್ ದೂರದಲ್ಲಿದೆ. ಮಗು ಮೂರು ತಿಂಗಳಿದ್ದಾಗಿನಿಂದ ಅಪ್ಪನೇ ಹೀಗೆ ಕಟ್ಟಿಕೊಂಡು ಹೋಗಿ ಬರುತ್ತಿದ್ದಾರೆ. ಎಂಟು ತಿಂಗಳು ಆ ಹುಡುಗಿ ತನ್ನ ಅಪ್ಪನ ಪ್ಯಾಂಟನ್ನು ಒದ್ದು ಬಿಳಿ ಮಾಡಿದ್ದಾಳೆ. ಅಪ್ಪನಿಗೂ ಅದು ಗೊತ್ತಿರಲಿಲ್ಲ.

ನಾನು ಅತ್ತೆ. ಸಂತೋಷಕ್ಕೆ ಅತ್ತೆ ಎಂದು ಸ್ಪಷ್ಟವಾಗಿ ಬರೆಯತಕ್ಕದ್ದು. ಮೇಡಂ ಅವರು ಮಗುವಿನ ಪಾದ ಹಿಡಿದು, ಸಾಕ್ಷಿ ಬಹಳ ಗಟ್ಟಿಯಾಗಿದೆ ಎಂದರು. ಮೇಷ್ಟ್ರು ಓಟದ ಚಡ್ಡಿಯಲ್ಲೇ ಮುಂದೆ ಬಂದು, "ನನ್ಗೆ ಮಕ್ಕಳೇ ಇಲ್ಲ ಮೇಡಂ, ಇದು ಅವರ್ದೇ" ಎಂದು ಲಿಫ್ಟಿನವರ ಕೈ ಕುಲುಕಿದರು.

ಮೇಷ್ಟ್ರ ಮುಖ ಸಣ್ಣಗಾದದ್ದು ನೋಡಲಾಗದೆ ಇನ್ನೊಂದು ಪ್ಯಾಂಟನ್ನು ತಿರುಗಿಸಿ ತೋರಿಸಿದೆ. ಎಡ ಮೊಣಕಾಲಿನ ಹಿಂದೆ ಏನೂ ಇರಲಿಲ್ಲ. ಬಲ ಮೊಣಕಾಲಿನ ಹಿಂದೆ ಒಂದರ ಮೇಲೊಂದು ಆಳವಾದ ಗೆರೆಗಳಿದ್ದವು. ಮೇಷ್ಟ್ರು ಕೂರುವ ಕಡೆ ಇನ್ನೊಂದು ಬ್ರೇಕ್ ಇರುತ್ತದೆ, ಕಲಿಯುವವರು ಗಾಬರಿಯಾದಾಗಲೆಲ್ಲ ಇವರ ಬಲಗಾಲು ಅದನ್ನು ಒತ್ತಿದೆ. ಈ ಗೆರೆಗಳಿಂದಾಗಿ ಎಷ್ಟು ಜನ ಕ್ಷೇಮವಾಗಿ ಮನೆ ಸೇರಿದ್ದಾರೋ ಲೆಕ್ಕವಿಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಹತ್ತಿರ ಬಂದು, "ಅದ್ರಲ್ಲಿ ಅರ್ಧ ನಂದೇ ಇರ್ಬೇಕು ಮೇಷ್ಟ್ರೇ" ಎಂದರು. ಮೇಷ್ಟ್ರು ಪ್ಯಾಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕಳಪೆಯೇನಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಯಾರು ಕೇಳಿದರೂ ಕೊಡಲಿಲ್ಲ.

ಅಂಗಡಿ ಮುಚ್ಚಿ ಬಂದು ಬಾಗಿಲ ಬಳಿ ನಿಂತಿದ್ದ ನನ್ನ ಯಜಮಾನರಿಗೆ, ತಪ್ಪು ನಿಮ್ಮದಲ್ಲ ಎಂದು ಎಲ್ಲರ ಎದುರು ಹೇಳಿದ್ದೇನೆ. "ನಿನ್ನೇನೇ ಹೇಳಿದ್ನಲ್ಲ" ಎಂದರು. ಇದೂ ದಾಖಲಾಗಲಿ, ಆದರೆ ಇದರ ನಕಲು ಅವರಿಗೆ ಕೊಡುವುದು ಬೇಡ.

ಯಾರ ಮೇಲೂ ಯಾರ ದೂರೂ ಇಲ್ಲವೆಂದು ತೀರ್ಮಾನವಾಗಿ, 12.10ಕ್ಕೆ ಹೊರಡುವಾಗ ಲಿಫ್ಟಿನವರು ಇನ್ನು ಇದನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು ಎಂದು ನನ್ನನ್ನೇ ಕೇಳಿದರು. ಅವರ ಹೆಂಡತಿಯೂ ನಿಂತರು. ನಾನು ಇದ್ದದ್ದನ್ನು ಹೇಳಿದೆ. ಪ್ರತಿ ಒಗೆತಕ್ಕೂ ಸುತ್ತಲಿನ ನೀಲಿ ಇಳಿಯುತ್ತದೆ, ಹತ್ತು ಹನ್ನೆರಡು ಸಲ ಆದ ಮೇಲೆ ಎಲ್ಲವೂ ಒಂದೇ ಬಿಳುಪಾಗಿ ಈ ಎರಡು ಗುರುತು ಕಾಣದೆ ಹೋಗುತ್ತವೆ. ಲಿಫ್ಟಿನವರು ಮಗುವಿನ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡರು. ಮಗಳು ಭಾನುವಾರ ಕುರ್ಚಿ ಬಿಟ್ಟು ಎರಡು ಹೆಜ್ಜೆ ಇಟ್ಟಳು, ಇನ್ನೆಷ್ಟು ದಿನ ಇವಳು ಎತ್ತಿಸಿಕೊಳ್ಳುತ್ತಾಳೆ ಎಂದು ಹೆಂಡತಿ ಹೇಳಿದರು. ಮೊನ್ನೆ ಆ ಚೀಲವನ್ನು ದೂರ ಹಿಡಿದು ಬಂದಿದ್ದ ಅದೇ ಹೆಣ್ಣುಮಗಳು ಗಂಡನ ತೊಡೆಯ ಮೇಲಿನ ಕಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, "ಕಿಟಕೀಲಿ ಗಾಳಿಗೆ ಹಾಕಿದ್ರಾಯ್ತು ಬಿಡಿ ಅಕ್ಕಾ" ಎಂದರು.

ಮೇಲೆ ಹೇಳಿದ್ದೆಲ್ಲವನ್ನೂ ರೈಟರ್ ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಾನು ಕಣ್ಣಾರೆ ಕಂಡದ್ದು, ನಿಜವಾದದ್ದು. ಲಾಂಡ್ರಿಯವಳಾದ ನಾನು ಒಬ್ಬ ಗಿರಾಕಿಗೆ ಒಗೆಯಬೇಡಿ ಎಂದು ನನ್ನ ಸ್ವಂತ ಬಾಯಿಂದ, ಪೂರ್ಣ ಎಚ್ಚರದಲ್ಲಿ, ಸಂತೋಷದಿಂದ ಹೇಳಿದ್ದೇನೆ ಎಂಬುದೂ ನಿಜ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಬುಧವಾರ, ಮಧ್ಯಾಹ್ನ 1.40
ಸಹಿ: ಸೋಪಕ್ಕ