ಬಿಸಿಲಿಗಿಟ್ಟ ಒಲೆ

ಯುದ್ಧದ ಕಾಲ. ಶಾಂತಿಗ್ರಾಮದಲ್ಲಿ ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುತ್ತಿದ್ದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಪಾಲಾಕ್ಷ, ಜೊತೆಗೆ ಪಕ್ಕದ ಮನೆಯಲ್ಲೇ ಇರುವ ಅವನ ಅಕ್ಕ ದಾಕ್ಷಾಯಣಮ್ಮ. ಹಳೇ ಒಲೆಯ ಹೊಗೆಗೆ ರೋಸಿ ತವರಿಗೆ ಹೋಗಿದ್ದ ಹೆಂಡತಿಗೆ, ಹೊಸ ಒಲೆ ಆಯಿತು ಬಾ ಎಂದು ಅವನು ಕಾಗದ ಹಾಕಿದ್ದನಂತೆ.

"ಒಲೆ ಬಿರಿದಿದ್ದು ಯಾವಾಗ್ಲಾ?"

"ಬೆಳಿಗ್ಗೆ ಕಣಕ್ಕ. ಮೇಲೆಲ್ಲ ಬೆಳ್ಳಗೆ ಒಣಗಿತ್ತು. ಉರಿ ಹಾಕಿದ್ದೇ ತಡ, ಪಟ್ ಅಂತು."

"ಎಲ್ಲಿ ಒಣಗಿಸ್ದೆ?"

"ಅಂಗಳದಲ್ಲಿ, ಬಿಸಿಲಿಗೆ. ಬೇಗ ಆಗ್ಲಿ ಅಂತ."

"ಆತುರಗಾರ! ಮೇಲಿನ ಮಣ್ಣು ಒಣಗಿ ಬಿಗ್ಕೊಂಡ್ತು, ಒಳಗಿನ ನೀರು ಒಳಗೇ ಉಳೀತು. ಬಿರೀದೆ ಇನ್ನೇನಾದಾತು? ನೆಳ್ಳಲ್ಲಿಟ್ಟು ಒದ್ದೆ ಗೋಣಿ ಮುಚ್ಚಿದ್ರೆ ಆ ನೀರು ಮೆಲ್ಲಗೆ ಈಚೆಗೆ ಬರ್ತಿತ್ತು."

"ಒಣಗಬೇಕಾದ್ದಕ್ಕೆ ಒದ್ದೆ ಗೋಣಿಯಾ?"

"ಊಂ ಕಣ್ಲಾ. ಎಂಟು ದಿನ ತಾಳ್ಬೇಕು. ಹೆಂಡ್ತಿ ಬಿಟ್ಟು ಎಂಟು ದಿನ ಇರಕ್ಕಾಗ್ನಿಲ್ವಾ?"

ಅವನು ಆಚೆ ತಿರುಗಿ ರಸ್ತೆ ನೋಡಿದ.

"ಬಿರುಕಿಗೆ ಮಣ್ಣು ಮೆತ್ತಿ ಬಂದಿವ್ನಿ. ನೀನು ಬಾಯಿ ಬಿಡ್ಬ್ಯಾಡ."

ಬಸ್ಸು ಬಂತು. ಹೆಂಡತಿ ಇಳಿದವಳೇ ಅವನನ್ನು ಬಿಟ್ಟು ದಾಕ್ಷಾಯಣಮ್ಮನನ್ನು ಕೇಳಿದಳು.

"ಒಲೆ ನೆಳ್ಳಲ್ಲಿ ಒಣಗಿಸಿದ್ರಾ ಅಕ್ಕ?"

"ನೆಳ್ಳಲ್ಲೇ ಕಣವ್ವ. ಗೋಣಿ ಮುಚ್ಚಿದ್ದೇ ನಾನು."

ಅವಳು ಗಂಡನ ಉಗುರುಗಳಲ್ಲಿದ್ದ ಹಸಿಮಣ್ಣನ್ನು ನೋಡಿದಳು. ಬಟ್ಟೆಗಂಟನ್ನು ಆ ಕೈಗೇ ಕೊಟ್ಟಳು.

"ಅಂಗಾರೆ ಎಂಟು ದಿನ ನಿಮ್ಮನೇಲೇ ಊಟ ಕಣಕ್ಕ," ಎನ್ನುತ್ತಾ ಊರ ಕಡೆ ನಡೆದಳು. ಅವನು ಗಂಟು ಹೊತ್ತು ಹಿಂದೆಯೇ ಓಡಿದ.